ಮನೆಯ ಧೂಳಿನಲ್ಲಿ ಸೀಸ ಎಷ್ಟಿದೆ? ಪೀಣ್ಯದ ಲ್ಯಾಬ್‌ನಿಂದ ಪರೀಕ್ಷೆ ಮಾಡಿಸಿದ ಅನುಭವ

ನನ್ನ ಮೊಮ್ಮಗ ಪುಟ್ಟ, ಕಿಟಕಿಯ ಕಟ್ಟೆ ಹಿಡಿದು ಎದ್ದು ನಿಲ್ಲುವುದನ್ನು ಕಲಿತ ವಾರವೇ ನಾನು ಲ್ಯಾಬ್‌ಗೆ ಫೋನ್ ಮಾಡಿದೆ. ಅವನಿಗೆ ಹದಿಮೂರು ತಿಂಗಳು. ಎದ್ದು ನಿಂತರೆ ಅವನ ಬಾಯಿ ಸರಿಯಾಗಿ ಕಟ್ಟೆಯ ಮಟ್ಟಕ್ಕೆ ಬರುತ್ತದೆ. ಹಲ್ಲು ಬರುವ ಕಾಲ, ಸಿಕ್ಕಿದ್ದಕ್ಕೆಲ್ಲ ಒಸಡು ಒತ್ತುತ್ತಿದ್ದ. ಒಂದು ಬೆಳಿಗ್ಗೆ ನೋಡಿದರೆ ಅವನ ಕೆಳತುಟಿಯ ಮೇಲೆ ಹಸಿರು ಚೂರೊಂದು ಅಂಟಿಕೊಂಡಿತ್ತು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ತೆಗೆದು ಅಂಗೈ ಮೇಲಿಟ್ಟುಕೊಂಡು ನೋಡಿದೆ. ನಮ್ಮಪ್ಪ ಕಿಟಕಿಗಳಿಗೆ ಹೊಡೆಸಿದ್ದ ಹಳೇ ಎನಾಮಲ್ ಬಣ್ಣ ಅದು. ಹಳೇ ಎನಾಮಲ್ ಬಣ್ಣಗಳಲ್ಲಿ ಸೀಸ (ಲೆಡ್) ಇರುತ್ತಿತ್ತು, ಮಕ್ಕಳಿಗೆ ಅದು ವಿಷ.

ನಮ್ಮದು ರಾಜಾಜಿನಗರದಲ್ಲಿ 1971ರಲ್ಲಿ ಕಟ್ಟಿದ ಮನೆ. ರೆಡ್ ಆಕ್ಸೈಡ್ ನೆಲ, ಮರದ ಕಿಟಕಿಗಳು, ಮೊಣಕಾಲೆತ್ತರದ ಕಟ್ಟೆ. ಕಿಟಕಿಗೆ ಮೊದಲು ಹಸಿರು, ಅದರ ಮೇಲೆ ಇನ್ನೊಂದು ಹಸಿರು, 2009ರಲ್ಲಿ ನಾನು ಕಂದು ಹೊಡೆಸಿದೆ. ಕಿಟಕಿ ಬಾಗಿಲು ತೆಗೆದು ಹಾಕಿದಾಗಲೆಲ್ಲ ಚೌಕಟ್ಟಿಗೆ ಉಜ್ಜಿ ಬಣ್ಣ ಪುಡಿಯಾಗುತ್ತದೆ. ಆ ಪುಡಿಯನ್ನು ಐವತ್ತು ವರ್ಷದಿಂದ ನಾವು ಒರೆಸುತ್ತಲೇ ಬಂದಿದ್ದೇವೆ. ಅದರಲ್ಲಿ ಏನಿದೆ ಎಂದು ಕೇಳಿಕೊಂಡವರಿಲ್ಲ.

ನನಗಂತೂ ಸೀಸ ಹೊಸದಲ್ಲ. ಜಾಲಹಳ್ಳಿಯ ಕಾರ್ಖಾನೆಯಲ್ಲಿ 34 ವರ್ಷ ಬೆಸುಗೆ ಹಾಕಿ, ಆಮೇಲೆ ಬೇರೆಯವರು ಹಾಕಿದ ಬೆಸುಗೆಯನ್ನು ತಪಾಸಣೆ ಮಾಡಿ ನಿವೃತ್ತನಾದವನು ನಾನು. ಸೈನ್ಯದ ಉಪಕರಣಗಳಿಗೆ ತವರ-ಸೀಸದ ಬೆಸುಗೆಯೇ ಆಗಬೇಕು, ಬರೀ ತವರ ಹಾಕಿದರೆ ವರ್ಷಗಳು ಕಳೆದಂತೆ ಅದರ ಮೈಯಿಂದ ಕೂದಲಿನಂಥ ಎಳೆಗಳು ಬೆಳೆದು ಸರ್ಕ್ಯೂಟ್ ಶಾರ್ಟ್ ಆಗುತ್ತದೆ. ಹಾಗಾಗಿ ನಮ್ಮ ಕೈಯಲ್ಲಿ ಸದಾ ಸೀಸ. ಕ್ಯಾಂಟೀನಿಗೆ ಹೋಗುವ ಮೊದಲು ಸೋಪು ಹಾಕಿ ಮೊಣಕೈತನಕ ತೊಳೆಯಬೇಕೆಂಬುದು ಅಲ್ಲಿ ಕಟ್ಟುನಿಟ್ಟು. ಮನೆಗೆ ಬಂದ ಮೇಲೆ ನಾನು ಆ ನಿಯಮ ಪಾಲಿಸಲಿಲ್ಲ. ನಡುಮನೆಯ ಮೂಲೆಯಲ್ಲಿ ನನ್ನದೊಂದು ಮೇಜಿದೆ. ಹಳೇ ವಾಲ್ವ್ ರೇಡಿಯೋ, ಟ್ರಾನ್ಸಿಸ್ಟರ್ ಸೆಟ್‌ಗಳನ್ನು ಅಲ್ಲಿ ರಿಪೇರಿ ಮಾಡುತ್ತೇನೆ. ಕಾಫಿ ಲೋಟವೂ ಅಲ್ಲೇ, ಸೋಲ್ಡರಿಂಗ್ ಐರನ್ನೂ ಅಲ್ಲೇ.

ಇದಕ್ಕೂ ಮೊದಲು ನಮ್ಮ ಮನೆಯಲ್ಲಿ ಧೂಳಿನ ವಿಚಾರಕ್ಕೆ ಇದ್ದ ಉತ್ತರವೆಂದರೆ ಮಗ ತಂದ ಏರ್ ಪ್ಯೂರಿಫೈಯರ್. ಅದರ ವಿಮರ್ಶೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪುಟ್ಟನ ವಯಸ್ಸಿನ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಅದನ್ನು ನಂಬಿಕೊಂಡಿದ್ದಾರೆ. ಯಂತ್ರ ಒಳ್ಳೆಯದೇ. ದೀಪಾವಳಿ ರಾತ್ರಿ ಅದರ ಪರದೆಯಲ್ಲಿ ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಕಣಗಳ ಅಳತೆ, ಮುನ್ನೂರು ದಾಟಿದ್ದು, ಕಿಟಕಿ ಮುಚ್ಚಿ ಜೋರಾಗಿ ಓಡಿಸಿದಾಗ ಒಂದು ಗಂಟೆಯೊಳಗೆ ಐವತ್ತರ ಕೆಳಗೆ ಇಳಿದದ್ದು ನಾನೇ ನೋಡಿದ್ದೇನೆ. ಊದುಬತ್ತಿ ಹಚ್ಚಿದರೆ ಏರುತ್ತದೆ, ಒಗ್ಗರಣೆ ಹಾಕಿದರೆ ಏರುತ್ತದೆ. ಆದರೆ ಆ ಸೆನ್ಸರ್ ಮಾಡುವುದು ಒಂದೇ ಕೆಲಸ: ಲೇಸರ್ ಬೆಳಕು ಕಣಕ್ಕೆ ತಗುಲಿ ಎಷ್ಟು ಚದುರಿತು ಎಂದು ಅಳೆಯುವುದು. ಆ ಕಣ ಊದುಬತ್ತಿಯ ಹೊಗೆಯೋ, ಸೀಸದ ಪುಡಿಯೋ ಅದಕ್ಕೆ ಗೊತ್ತಾಗುವುದಿಲ್ಲ.

ಇನ್ನೂ ಮುಖ್ಯವಾದದ್ದು, ಬಣ್ಣದ ಪುಡಿ ಗಾಳಿಯಲ್ಲಿ ಉಳಿಯುವುದೇ ಇಲ್ಲ. ನೀರಿನಷ್ಟೇ ಸಾಂದ್ರತೆಯ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಹತ್ತು ಪಾಲು) ಕಣ ನಿಶ್ಚಲ ಗಾಳಿಯಲ್ಲಿ ಒಂದು ಮೀಟರ್ ಇಳಿಯಲು ಐದೂವರೆ ನಿಮಿಷ ಸಾಕು. ಎರಡೂವರೆ ಮೈಕ್ರಾನ್‌ನದ್ದಾದರೆ ಗಂಟೆಯ ಮೇಲಾಗುತ್ತದೆ. ಕಿಟಕಿ ಉಜ್ಜಿದ ಪುಡಿಯಲ್ಲಿ ಹೆಚ್ಚಿನ ಪಾಲು ಹತ್ತಕ್ಕಿಂತ ದೊಡ್ಡದು, ಮೇಲಾಗಿ ಸೀಸದ ಬಣ್ಣ ಭಾರ. ಪ್ಯೂರಿಫೈಯರ್ ಎಳೆದುಕೊಳ್ಳುವ ಮೊದಲೇ ಅದು ಕಟ್ಟೆಯ ಮೇಲೆ, ನೆಲದ ಮೇಲೆ ಕೂತಿರುತ್ತದೆ. ಅಲ್ಲಿಂದ ಮಗುವಿನ ಅಂಗೈಗೆ, ಅಂಗೈಯಿಂದ ಬಾಯಿಗೆ. ಪರದೆಯ ಮೇಲೆ 12 ಎಂದು ಹಸಿರು ದೀಪ ಉರಿಯುತ್ತಿದ್ದ ದಿನವೇ ಪುಟ್ಟನ ತುಟಿಯ ಮೇಲೆ ಆ ಹಸಿರು ಚೂರು ಕಂಡದ್ದು.

ಧೂಳಿನಲ್ಲಿ ಲೋಹ ಪರೀಕ್ಷೆ ಮಾಡುವವರನ್ನು ಹುಡುಕುವುದಕ್ಕೇ ನಾಲ್ಕು ದಿನ ಹಿಡಿಯಿತು. ಪೀಣ್ಯದಲ್ಲಿ ನೀರು, ಆಹಾರ, ಮಣ್ಣು ಪರೀಕ್ಷಿಸುವ ಲ್ಯಾಬ್‌ಗಳಿಗೆ ಬರವಿಲ್ಲ. ಮನೆಯ ಧೂಳು ಎಂದರೆ ಮೂರು ಕಡೆ ‘ಬೋರ್‌ವೆಲ್ ನೀರಾ ಸರ್?’ ಎಂದರು. ನಾಲ್ಕನೆಯವರು ಮಾತ್ರ ವೈಪ್ ಸ್ಯಾಂಪಲ್ (ಒದ್ದೆ ಬಟ್ಟೆಯಿಂದ ಧೂಳು ಒರೆಸಿ ತೆಗೆಯುವುದು) ಮಾಡುತ್ತೇವೆ, ಕಾರ್ಖಾನೆಗಳಿಗೆ ಮಾಡಿ ಅಭ್ಯಾಸವಿದೆ, ಮನೆಗೆ ಇದೇ ಮೊದಲು ಎಂದು ಒಪ್ಪಿಕೊಂಡರು. ಆ ಮಾತು ನನಗೆ ಹಿಡಿಸಿತು. ಒಂದು ಜಾಗಕ್ಕೆ 1,800 ರೂಪಾಯಿ, ಐದು ಲೋಹ: ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ತಾಮ್ರ, ಸತು. ನಾನು ಆರು ಜಾಗ ಹೇಳಿದೆ. ತವರವನ್ನೂ ಸೇರಿಸಿ ಎಂದು ಕೇಳಿದ್ದಕ್ಕೆ ಜಾಗಕ್ಕೆ 150 ರೂಪಾಯಿ ಹೆಚ್ಚು. ಜಿಎಸ್‌ಟಿ ಸೇರಿ ಒಟ್ಟು 13,806 ರೂಪಾಯಿ. ಪಿಂಚಣಿಯವನಿಗೆ ಇದು ದೊಡ್ಡ ಮೊತ್ತವೇ. ಆದರೂ ಪ್ಯೂರಿಫೈಯರ್‌ಗೆ ಮಗ ಕೊಟ್ಟದ್ದಕ್ಕಿಂತ ಕಮ್ಮಿ.

ಮೊದಲ ದಿನ ಕೆಲಸ ಕೆಟ್ಟಿತು. ಬೆಳಿಗ್ಗೆ ಹತ್ತಕ್ಕೆ ಬಂದ ಹುಡುಗ ನೆಲ ಮುಟ್ಟಿ ನೋಡಿ, ‘ಅಂಕಲ್, ಈಗ ತಾನೇ ಒರೆಸಿದೀರಲ್ಲ’ ಎಂದ. ಮನೆಗೆಲಸದ ಅಮ್ಮ ಎಂಟೂವರೆಗೇ ಗುಡಿಸಿ ಒರೆಸಿ ಹೋಗಿದ್ದರು. ಎರಡು ದಿನ ಒರೆಸಬಾರದು ಎಂದು ಲ್ಯಾಬ್‌ನವರು ಮೊದಲೇ ಒಂದು ಮಾತು ಹೇಳಬೇಕಿತ್ತು. ಹೇಳಿರಲಿಲ್ಲ. ಇದು ಅವರ ತಪ್ಪು. ಹುಡುಗ ತುಮಕೂರು ಕಡೆಯವನು, ತಾಳ್ಮೆಯವನು, ಹಾಗೆಯೇ ಹಿಂದಿರುಗಿ ಮೂರನೇ ದಿನ ಮತ್ತೆ ಬಂದ, ಅದಕ್ಕೆ ಹಣ ಕೇಳಲಿಲ್ಲ.

ಅವನು ಸ್ಯಾಂಪಲ್ ತೆಗೆದ ರೀತಿಯನ್ನು ವಿವರವಾಗಿ ಹೇಳುತ್ತೇನೆ. ಹಣ ಕೊಡುವವರು ಪಕ್ಕದಲ್ಲಿ ನಿಂತು ನೋಡಬೇಕಾದ್ದು ಇದನ್ನೇ. 30 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಅಚ್ಚನ್ನು ನೆಲಕ್ಕೆ ಟೇಪ್ ಹಾಕಿ ಕೂರಿಸಿದ. ಹೊಸ ಕೈಗವಸು ಹಾಕಿಕೊಂಡ. ಒದ್ದೆ ವೈಪನ್ನು ಎಡದಿಂದ ಬಲಕ್ಕೆ ಹಾವಿನ ಹಾಗೆ ಎಳೆದು, ಕೊಳೆ ಒಳಗಾಗುವಂತೆ ಮಡಚಿ, ಮೇಲಿನಿಂದ ಕೆಳಕ್ಕೆ ಇನ್ನೊಂದು ಸಲ, ಮತ್ತೆ ಮಡಚಿ ಅಂಚುಗಳನ್ನು ಒರೆಸಿ, ಮುಚ್ಚಳದ ಕೊಳವೆಗೆ ಹಾಕಿದ. ಕಿಟಕಿ ಕಟ್ಟೆಗೆ ಆ ಚೌಕ ಕೂರುವುದಿಲ್ಲ, ಹಾಗಾಗಿ 10 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದವನ್ನು ಟೇಪಿನಲ್ಲೇ ಗುರುತು ಮಾಡಿದ. ಪ್ರತಿ ಜಾಗಕ್ಕೂ ಕೈಗವಸು ಬದಲು. ಕೊನೆಯಲ್ಲಿ ಮುಟ್ಟಿಸದ ಒಂದು ವೈಪನ್ನೂ ಹಾಗೆಯೇ ಮಡಚಿ ಕೊಳವೆಗೆ ಹಾಕಬೇಕು. ವೈಪಿನಲ್ಲೇ ಸೀಸ ಇದೆಯೋ, ಅವನ ಕೈಯಿಂದ ಬಂತೋ ಎಂದು ಗೊತ್ತಾಗುವುದು ಅದರಿಂದ. ಅದನ್ನವನು ಬಿಟ್ಟು ಹೊರಡಲಿದ್ದ. ‘ಬ್ಲ್ಯಾಂಕ್ ಎಲ್ಲಪ್ಪ?’ ಎಂದು ಕೇಳಿದೆ. ‘ಸಾರಿ ಅಂಕಲ್’ ಎಂದು ಚೀಲ ಬಿಚ್ಚಿದ. ನಾನು ಕೇಳದಿದ್ದರೆ ಆ ವರದಿಗೆ ಆಧಾರವೇ ಇರುತ್ತಿರಲಿಲ್ಲ.

ಏಳು ದಿನ ಎಂದಿದ್ದ ವರದಿ ಹದಿಮೂರನೇ ದಿನ ಬಂತು. ಈ ಆರು ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಬಂದ ಮೇಲೂ ಅರ್ಥವಾಗುವಂತಿರಲಿಲ್ಲ. ಒಂದೇ ಕೋಷ್ಟಕ, ‘ಮೈಕ್ರೋಗ್ರಾಂ ಪ್ರತಿ ಸ್ಯಾಂಪಲ್‌ಗೆ’ ಎಂದು ಅಂಕಿಗಳ ಸಾಲು, ಯಾವುದು ಹೆಚ್ಚು ಯಾವುದು ಕಡಿಮೆ ಎಂಬ ಒಂದು ಪದವೂ ಇಲ್ಲ, ಒರೆಸಿದ ವಿಸ್ತೀರ್ಣವೂ ಇಲ್ಲ. ನನ್ನ ಹೆಂಡತಿ ಮೊದಲು ನೋಡಿದ್ದು ಹೊಸಿಲ ಹತ್ತಿರದ ಸತು: 612. ‘ಅಯ್ಯೋ, ಇಷ್ಟೊಂದಾ!’ ಎಂದು ಕೂತುಬಿಟ್ಟಳು. ಅದಕ್ಕೆ ಹೆದರಬೇಕಿಲ್ಲ. ಸತು ಗೇಟಿನ ಗ್ಯಾಲ್ವನೈಸ್ ಲೇಪದಿಂದ ಬರುತ್ತದೆ, ರಸ್ತೆಯಲ್ಲಿ ಸವೆದ ಟೈರಿನಿಂದ ಬರುತ್ತದೆ, ದೇಹಕ್ಕೂ ಸ್ವಲ್ಪ ಬೇಕು. ತಾಮ್ರದಲ್ಲಿ ಒಂದು ಪಾಲು ಬ್ರೇಕ್ ಪ್ಯಾಡಿನದು, ನಮ್ಮ ಮನೆಯ ಮುಂದೆ ಬಸ್ಸು ನಿಲ್ಲುವ ಜಾಗವಿದೆ. ಅಂಕಿಯ ದೊಡ್ಡತನಕ್ಕೂ ಅಪಾಯಕ್ಕೂ ಸಂಬಂಧವಿಲ್ಲ. ಸೀಸದ ಸಾಲಿನಲ್ಲಿದ್ದ ಸಣ್ಣ ಅಂಕಿಗಳೇ ನನ್ನ ಎದೆ ಒಡೆಸಿದ್ದು.

ಪ್ರತಿ ಅಂಕಿಯನ್ನು ಒರೆಸಿದ ವಿಸ್ತೀರ್ಣದಿಂದ ಭಾಗಿಸಿ ಚದರ ಅಡಿಯ ಲೆಕ್ಕ ನಾನೇ ಹಾಕಿದೆ. ಅಮೆರಿಕದ ಪರಿಸರ ಸಂಸ್ಥೆ ಮನೆಯ ಧೂಳಿಗೆ ಮಿತಿ ಹಾಕುವುದು ಚದರ ಅಡಿ ಲೆಕ್ಕದಲ್ಲಿ. 2001ರಲ್ಲಿ ನೆಲಕ್ಕೆ 40 ಮೈಕ್ರೋಗ್ರಾಂ, ಕಿಟಕಿ ಕಟ್ಟೆಗೆ 250 ಇತ್ತು. 2019ರಲ್ಲಿ 10 ಮತ್ತು 100 ಆಯಿತು. 2024ರ ಅಕ್ಟೋಬರ್‌ನಲ್ಲಿ ಹೊರಬಂದ ನಿಯಮದ ಪ್ರಕಾರ ಲ್ಯಾಬ್ ಗುರುತಿಸಬಲ್ಲ ಯಾವ ಪ್ರಮಾಣವೂ ಅಪಾಯವೇ, ಸ್ವಚ್ಛಗೊಳಿಸಿ ತಲುಪಬೇಕಾದ ಗುರಿ ನೆಲಕ್ಕೆ 5, ಕಟ್ಟೆಗೆ 40. ನಮ್ಮ ದೇಶದಲ್ಲಿ ಬಣ್ಣದ ಡಬ್ಬಿಗೆ ಮಿತಿ ಇದೆ, 2017ರ ನವೆಂಬರ್‌ನಿಂದ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ದಾಟಬಾರದು. ಹೊರಗಿನ ಗಾಳಿಗೂ ಇದೆ, ವರ್ಷದ ಸರಾಸರಿ ಘನ ಮೀಟರಿಗೆ ಅರ್ಧ ಮೈಕ್ರೋಗ್ರಾಂ. ಮಗು ಅಂಬೆಗಾಲಿಡುವ ನೆಲಕ್ಕೆ ಹೋಲಿಸಲು ಆ ಅಮೆರಿಕದ ಅಂಕಿಯನ್ನೇ ಹಿಡಿದೆ.

ನಡುಮನೆಯಲ್ಲಿ ಪುಟ್ಟ ಆಡುವ ಚಾಪೆಯ ಪಕ್ಕದ ನೆಲ: ಚದರ ಅಡಿಗೆ 7.6. 2019ರ ಅಳತೆಗೋಲಿನಲ್ಲಿ ಪಾಸು, ಈಗಿನದರಲ್ಲಿ ಫೇಲು. ಹೊಸಿಲ ಒಳಗಡೆ 2.3. ಅಡುಗೆಮನೆಯಲ್ಲಿ ಲ್ಯಾಬ್ ಗುರುತಿಸುವ ಮಟ್ಟಕ್ಕಿಂತ ಕೆಳಗೆ. 2012ರಲ್ಲಿ ಅಲ್ಯೂಮಿನಿಯಂ ಕಿಟಕಿ ಹಾಕಿಸಿದ ಮಲಗುವ ಕೋಣೆಯ ಕಟ್ಟೆಯಲ್ಲಿ 5.9. ಪುಟ್ಟ ಹಿಡಿದು ನಿಲ್ಲುವ ನಡುಮನೆಯ ಕಟ್ಟೆಯಲ್ಲಿ 300. ನನ್ನ ರಿಪೇರಿ ಮೇಜಿನ ಕೆಳಗಿನ ನೆಲದಲ್ಲಿ 42.

ಆ ಕೊನೆಯ ಅಂಕಿ ನೋಡಿದಾಗ ಒಂದು ನಿಮಿಷ ಏನೂ ತೋಚಲಿಲ್ಲ. ಕಿಟಕಿ ನಮ್ಮಪ್ಪನ ಕಾಲದ್ದು. ಮೇಜು ನನ್ನದು.

ಈ ಪರೀಕ್ಷೆಯ ನಿಜವಾದ ಬೆಲೆ ಗೊತ್ತಾಗಿದ್ದು ಇಲ್ಲಿಂದ ಮುಂದೆ. ಲ್ಯಾಬ್‌ಗೆ ಫೋನ್ ಮಾಡಿದಾಗ ಕೆಮಿಸ್ಟ್ ಮೇಡಂ ಸಿಕ್ಕರು. ಇಪ್ಪತ್ತೈದು ನಿಮಿಷ ಮಾತಾಡಿದರು, ಒಂದು ಸಲವೂ ‘ಬ್ಯುಸಿ ಇದೀನಿ’ ಎನ್ನಲಿಲ್ಲ. ‘ಸರ್, ಸೀಸದ ಪಕ್ಕದಲ್ಲಿ ಯಾವ ಲೋಹ ಇದೆ ನೋಡಿ’ ಎಂದರು. ಕಟ್ಟೆಯ ವೈಪಿನಲ್ಲಿ ಸೀಸ 194 ಮೈಕ್ರೋಗ್ರಾಂ, ಕ್ರೋಮಿಯಂ 31, ತವರ ಇಲ್ಲವೆನ್ನುವಷ್ಟು. ಹಳೇ ಕಾಲದ ಹಸಿರು ಎನಾಮಲ್ ಎಂದರೆ ಹೆಚ್ಚಾಗಿ ಸೀಸದ ಕ್ರೋಮೇಟ್‌ನ ಹಳದಿಗೆ ಪ್ರಷ್ಯನ್ ನೀಲಿ ಬೆರೆಸಿದ್ದು. ಸೀಸದ ಕ್ರೋಮೇಟ್‌ನಲ್ಲಿ ಸೀಸ ನಾಲ್ಕು ಪಾಲಾದರೆ ಕ್ರೋಮಿಯಂ ಒಂದು ಪಾಲು. ಇಲ್ಲಿ ಆರಕ್ಕೆ ಒಂದು, ಅಂದರೆ ಉಳಿದ ಸೀಸ ಪ್ರೈಮರ್‌ನಿಂದಲೋ ಬಣ್ಣ ಬೇಗ ಒಣಗಲಿ ಎಂದು ಹಾಕುತ್ತಿದ್ದ ಡ್ರೈಯರ್‌ನಿಂದಲೋ ಬಂದಿರಬೇಕು. ಮೇಜಿನ ಕೆಳಗಿನ ವೈಪಿನಲ್ಲಿ ಸೀಸ 41, ತವರ 58, ಕ್ರೋಮಿಯಂ ನಾಮಮಾತ್ರ. 60 ಪಾಲು ತವರ, 40 ಪಾಲು ಸೀಸದ ಬೆಸುಗೆ ತಂತಿಯ ಲೆಕ್ಕಕ್ಕೆ ಹೆಚ್ಚುಕಮ್ಮಿ ಕೂರುತ್ತದೆ. ಚಾಪೆಯ ಪಕ್ಕದಲ್ಲಿ ಎರಡೂ ಸ್ವಲ್ಪ ಸ್ವಲ್ಪ. ಮೊಮ್ಮಗ ಆಡುವ ಜಾಗಕ್ಕೆ ಮುತ್ತಜ್ಜನ ಕಿಟಕಿಯಿಂದಲೂ ಅಜ್ಜನ ಮೇಜಿನಿಂದಲೂ ಸೀಸ ಬಂದು ಸೇರಿತ್ತು.

ತವರವನ್ನು ಕೇಳಿ ಹಾಕಿಸಿದ್ದು ಎಷ್ಟು ಒಳ್ಳೆಯದಾಯಿತು ಎಂದು ಮೇಡಮ್ಮೇ ಹೇಳಿದರು. ಅದಕ್ಕೆ ಹೆಚ್ಚು ಹಣ ಯಾಕೆ ಎಂದೂ ವಿವರಿಸಿದರು: ನೈಟ್ರಿಕ್ ಆಮ್ಲ ಒಂದರಲ್ಲೇ ತವರ ಸರಿಯಾಗಿ ಕರಗುವುದಿಲ್ಲ, ಹೈಡ್ರೋಕ್ಲೋರಿಕ್ ಆಮ್ಲವನ್ನೂ ಸೇರಿಸಿ ಬೇಯಿಸಬೇಕು, ಆಮೇಲೆ ಲೋಹ ಅಳೆಯುವ ಐಸಿಪಿ-ಎಂಎಸ್ ಯಂತ್ರಕ್ಕೆ. ಇನ್ನೊಂದು ಮಾತನ್ನೂ ಅವರೇ ಸ್ಪಷ್ಟಪಡಿಸಿದರು. ವರದಿಯಲ್ಲಿರುವುದು ಒಟ್ಟು ಕ್ರೋಮಿಯಂ. ಅದರಲ್ಲಿ ವಿಷಕಾರಿಯಾದ ಆರು ವೇಲೆನ್ಸಿಯದ್ದು ಎಷ್ಟು ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ. ಗೊತ್ತಿದ್ದನ್ನು ಗೊತ್ತು, ಇಲ್ಲದ್ದನ್ನು ಇಲ್ಲ ಎನ್ನುವ ಇಂಥವರು ಇರುವುದರಿಂದಲೇ ನಾನು ಅದೇ ಲ್ಯಾಬ್‌ಗೆ ಎರಡನೇ ಸಲವೂ ಹೋದದ್ದು. ಅವರ ಮಾತಿನ ನಾಲ್ಕು ಸಾಲನ್ನು ವರದಿಯ ಕೆಳಗೆ ಕನ್ನಡದಲ್ಲಿ ಅಚ್ಚು ಹಾಕಿದ್ದರೆ ನನ್ನ ಹೆಂಡತಿ ಸತುವಿಗೆ ಹೆದರಿ ಒಂದು ರಾತ್ರಿ ಅಳುತ್ತಿರಲಿಲ್ಲ. ಇದನ್ನು ಅವರಿಗೂ ಹೇಳಿದ್ದೇನೆ.

ಬೆಸುಗೆಯ ಹೊಗೆ ಕುಡಿಯಬಾರದು ಎಂದು ನಾನು ಜೀವನಪೂರ್ತಿ ಜಾಗ್ರತೆ ಮಾಡಿದವನು, ಮೇಜಿನ ಮೇಲೆ ಸಣ್ಣ ಫ್ಯಾನೂ ಇದೆ. ಆ ಹೊಗೆ ಬೆಸುಗೆ ಹಿಡಿಯಲೆಂದು ಬಳಸುವ ಫ್ಲಕ್ಸಿನ ರಾಳದ್ದು, ಉಬ್ಬಸ ತರಿಸಬಲ್ಲದು, ಅದು ನಿಜ. ಆದರೆ ಸೀಸ ಆವಿಯಾಗಲು ಐರನ್ನಿನ ಬಿಸಿ ಎಲ್ಲಿಗೂ ಸಾಲದು. ತವರ-ಸೀಸ 183 ಡಿಗ್ರಿಗೆ ಕರಗುತ್ತದೆ, ನನ್ನ ಐರನ್ ಮುನ್ನೂರೈವತ್ತರ ಆಸುಪಾಸು, ಸೀಸ ಕುದಿಯುವುದು 1,700 ಡಿಗ್ರಿಯ ಮೇಲೆ. ಸೀಸ ಹರಡಿದ್ದು ಹೊಗೆಯಿಂದಲ್ಲ. ಸಿಡಿದ ಸಣ್ಣ ಗುಂಡುಗಳಿಂದ, ಹಳೇ ಬೆಸುಗೆ ಕೆರೆದ ಪುಡಿಯಿಂದ, ಐರನ್ ಒರೆಸಿದ ಬಟ್ಟೆಯಿಂದ, ನನ್ನ ಬೆರಳಿನಿಂದ, ನನ್ನ ಲುಂಗಿಯಿಂದ. ಆ ಲುಂಗಿಯಲ್ಲೇ ಎದ್ದು ಹೋಗಿ ಮಗುವನ್ನು ಎತ್ತಿಕೊಳ್ಳುತ್ತಿದ್ದೆ.

ಮಕ್ಕಳ ಡಾಕ್ಟರ ಹತ್ತಿರ ವರದಿ ತೆಗೆದುಕೊಂಡು ಹೋದೆವು. ಸಿರೆಯಿಂದ ರಕ್ತ ತೆಗೆಸಿದರು. ಪುಟ್ಟನ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 4.6 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 5ಕ್ಕೆ ಮೂಲ ಹುಡುಕಿ ತೆಗೆಯಿರಿ ಎನ್ನುತ್ತದೆ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಿಂದ 3.5ಕ್ಕೇ ಎಚ್ಚರಿಸುತ್ತದೆ. ಸುರಕ್ಷಿತ ಮಟ್ಟ ಎಂಬುದು ಮಾತ್ರ ಯಾರ ಪಟ್ಟಿಯಲ್ಲೂ ಇಲ್ಲ. ಔಷಧಿ ಬೇಡ, ಮೂಲ ತೆಗೆಯಿರಿ, ಕಬ್ಬಿಣಾಂಶ ನೋಡೋಣ ಎಂದರು ಡಾಕ್ಟರು. ಮಗುವಿನ ಕರುಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಸೀಸ ಹೀರಿಕೊಳ್ಳುತ್ತದೆ, ಕಬ್ಬಿಣ ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಸೊಸೆ ಅಂದಿನಿಂದ ರಾಗಿ ಮಣ್ಣಿಗೆ ಬೆಲ್ಲದ ಜೊತೆ ಹಾಲನ್ನೂ ತಪ್ಪದೆ ಹಾಕುತ್ತಿದ್ದಾಳೆ. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತೇನೋ.

ನಮ್ಮ ಊರಿಗೆ ಈ ವಿಷಯ ಹೊಸದಲ್ಲ ಎಂಬುದು ನನ್ನನ್ನು ಹೆಚ್ಚು ಕಾಡಿತು. ತೊಂಬತ್ತರ ದಶಕದ ಕೊನೆಯಲ್ಲಿ ಸೇವಾಸಂಸ್ಥೆ ಜಾರ್ಜ್ ಫೌಂಡೇಶನ್‌ನವರು ಬೆಂಗಳೂರೂ ಸೇರಿ ಏಳು ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದಾಗ, ಹನ್ನೆರಡು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ 10 ದಾಟಿತ್ತು. 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇದರ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು, ಮರುವರ್ಷ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. ಆ ಕೆಲಸದಲ್ಲಿ ಮುಂದೆ ನಿಂತ ಡಾ. ತುಪ್ಪಿಲ್ ವೆಂಕಟೇಶ್ ನಮ್ಮ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು. ಆಗ ನನಗೆ ಕಾರ್ಖಾನೆಯಲ್ಲಿ ಕೈತುಂಬ ಕೆಲಸ. ಪತ್ರಿಕೆಯಲ್ಲಿ ಓದಿ, ಅದು ಪೆಟ್ರೋಲಿನ ಸುದ್ದಿ ಎಂದುಕೊಂಡು ಪುಟ ತಿರುವಿದ್ದೆ. ಸೀಸ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಪೆಟ್ರೋಲಿನಿಂದ ಹೋದರೂ ಕಿಟಕಿಯಲ್ಲಿ, ರಸ್ತೆ ಬದಿಯ ಮಣ್ಣಿನಲ್ಲಿ ಹಾಗೆಯೇ ಕೂತಿರುತ್ತದೆ.

ಹೊಸಿಲಲ್ಲಿ ಬರೀ 2.3 ಬಂದದ್ದಕ್ಕೆ ಕಾರಣ ನನ್ನ ಹೆಂಡತಿ. ಚಪ್ಪಲಿ ಗೇಟಿನಾಚೆಯೇ ಬಿಡಬೇಕು, ಕಾಲು ತೊಳೆದೇ ಒಳಗೆ ಬರಬೇಕು, ಬೆಳಗ್ಗೆ ಹೊಸಿಲು ತೊಳೆದ ಮೇಲೆಯೇ ರಂಗೋಲಿ. ನಲವತ್ತು ವರ್ಷದಿಂದ ಇದರಲ್ಲಿ ರಾಜಿಯಿಲ್ಲ. ಬಸ್ಸು ನಿಲ್ಲುವ ರಸ್ತೆಯ ಮನೆಗೆ ಹೊರಗಿನ ಧೂಳು ಇಷ್ಟು ಕಡಿಮೆ ಬಂದಿರುವುದು ಆಶ್ಚರ್ಯ ಎಂದು ಮೇಡಂ ಅಂದಾಗ ಈ ಮಾತನ್ನು ಹೇಳಿದೆ.

ಕಿಟಕಿಯ ಕೆಲಸಕ್ಕೆ ಬಂದ ಪೇಂಟರ್ ಬ್ಲೋಲ್ಯಾಂಪ್ ಹಿಡಿದುಕೊಂಡೇ ಬಂದಿದ್ದ, ಸುಟ್ಟು ಕೆರೆದು ಸ್ಯಾಂಡ್ ಪೇಪರ್ ಉಜ್ಜಿದರೆ ಎರಡು ದಿನದ ಕೆಲಸ ಎಂದ. ಅದನ್ನು ಮಾತ್ರ ಯಾರೂ ಮಾಡಿಸಬೇಡಿ. ಬೆಂಕಿ ತಾಗಿಸಿದರೆ ಸೀಸ ಸಣ್ಣ ಹೊಗೆಯಾಗುತ್ತದೆ, ಒಣಗಿದ್ದನ್ನು ಉಜ್ಜಿದರೆ ಇಡೀ ಮನೆಗೆ ಪುಡಿ. ಅವನನ್ನು ಕೂರಿಸಿ ಕಾಫಿ ಕೊಟ್ಟು ವರದಿ ತೋರಿಸಿದೆ. ಅವನ ಮನೆಯಲ್ಲೂ ಎರಡು ವರ್ಷದ ಮಗಳಿದ್ದಾಳೆ. ಮರುದಿನ ವಾಟರ್ ಪೇಪರ್ ತಂದ, ಸ್ಪ್ರೇ ಬಾಟಲಿಯಿಂದ ನೀರು ಹೊಡೆದುಕೊಂಡು ಒದ್ದೆಯಲ್ಲೇ ಕೆರೆದ, ನೆಲಕ್ಕೆಲ್ಲ ಪ್ಲಾಸ್ಟಿಕ್ ಹಾಸಿದ, ಹೊರಡುವಾಗ ಅಂಗಿ ಬದಲಿಸಿಕೊಂಡು ಹೋದ. ಕೆಲಸ ನಡೆದ ಆರು ದಿನ ಸೊಸೆಯೂ ಪುಟ್ಟನೂ ಹಾಸನದ ಬೀಗರ ಮನೆಯಲ್ಲಿದ್ದರು. ತೆಗೆದು ಹಾಕುವ ಬಾಗಿಲುಗಳನ್ನು ಕೆರೆಯಲಿಲ್ಲ, ಕಳಚಿ ಹೊಸದು ಹಾಕಿಸಿದೆವು. ಚೌಕಟ್ಟು ಮಾತ್ರ ಅಪ್ಪನ ಕಾಲದ್ದೇ.

ಗುಡಿಸುವ ಕ್ರಮವೂ ಬದಲಾಯಿತು. ಒಣ ಪೊರಕೆ ಧೂಳನ್ನು ಎಬ್ಬಿಸಿ ಮತ್ತೆ ಕೂರಿಸುತ್ತದೆ ಅಷ್ಟೇ. ಈಗ ಒದ್ದೆ ಬಟ್ಟೆ, ಎರಡು ಬಕೆಟ್: ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಹಿಂಡಲು. ಒಂದೇ ಬಕೆಟ್ಟಾದರೆ ಮೂಲೆಯ ಸೀಸವನ್ನು ಮನೆಯೆಲ್ಲ ಹಂಚಿದಂತಾಗುತ್ತದೆ. ಕೆಲಸದ ಅಮ್ಮನಿಗೆ ಕೈಗವಸು ಕೊಟ್ಟೆವು, ಹೆಚ್ಚಿನ ಕೆಲಸಕ್ಕೆ ತಿಂಗಳಿಗೆ ಐನೂರು ಹೆಚ್ಚಿಸಿದೆವು. ಹಳೇ ವ್ಯಾಕ್ಯೂಮ್ ಕ್ಲೀನರಿಗೆ ಸಣ್ಣ ಕಣ ಹಿಡಿಯುವ ಹೆಪಾ ಫಿಲ್ಟರ್ ಇಲ್ಲ, ಹಿಂದಿನಿಂದ ಸಣ್ಣ ಧೂಳನ್ನೇ ಊದುತ್ತದೆ, ಅದನ್ನು ಮುಟ್ಟುತ್ತಿಲ್ಲ. ಪ್ಯೂರಿಫೈಯರ್ ಮಲಗುವ ಕೋಣೆಯಲ್ಲಿ ಓಡುತ್ತಿದೆ, ಹೊಗೆಗೆ, ರಸ್ತೆಯ ಸಣ್ಣ ಕಣಕ್ಕೆ ಅದು ಬೇಕೇ ಬೇಕು.

ಈ ಸೇವೆ ಯಾರಿಗೆ ಎಂದು ಕೇಳಿದರೆ, 2017ಕ್ಕಿಂತ ಹಿಂದಿನ ಎನಾಮಲ್ ಬಣ್ಣದ ಮರದ ಅಥವಾ ಕಬ್ಬಿಣದ ಕಿಟಕಿ ಇದ್ದು, ಮನೆಯಲ್ಲಿ ಆರು ವರ್ಷದೊಳಗಿನ ಮಗುವೋ ಬಸುರಿಯೋ ಇದ್ದರೆ ಖಂಡಿತ ಮಾಡಿಸಿ. ತಾಯಿಯ ಮೂಳೆಯಲ್ಲಿ ವರ್ಷಗಳಿಂದ ಕೂತ ಸೀಸ ಬಸುರಿನಲ್ಲಿ ಹೊರಬಂದು ಮಗುವಿಗೆ ದಾಟುತ್ತದೆ. ಮನೆಯಲ್ಲೇ ಮೊಬೈಲ್ ರಿಪೇರಿ, ಬ್ಯಾಟರಿ ಕೆಲಸ, ರೇಡಿಯೇಟರ್ ಬೆಸುಗೆ ಮಾಡುವವರಿಗೂ ಇದೇ ಮಾತು. ಹೊಸ ಫ್ಲ್ಯಾಟು, ಅಲ್ಯೂಮಿನಿಯಂ ಕಿಟಕಿ, ಇಂಥ ಕೆಲಸ ಯಾವುದೂ ಇಲ್ಲ ಎನ್ನುವವರು ಆ ಹಣವನ್ನು ಬೇರೆಯದಕ್ಕೆ ಇಟ್ಟುಕೊಳ್ಳಬಹುದು. ಆರು ಜಾಗ ಕಷ್ಟವಾದರೆ ಎರಡೇ ಮಾಡಿಸಿ, ಮಗು ಆಡುವ ನೆಲ ಮತ್ತು ಮಗು ಹಿಡಿಯುವ ಕಿಟಕಿ ಕಟ್ಟೆ. ವಿಸ್ತೀರ್ಣ ಬರೆಸಿ, ಬ್ಲ್ಯಾಂಕ್ ಹಾಕಿಸಿ, ತವರ ಸೇರಿಸಿ. ನಾವು ಕಿಟಕಿ ಬಾಗಿಲು ಕೂರುವ ತೋಡಿನಿಂದ ಸ್ಯಾಂಪಲ್ ತೆಗೆಸಲಿಲ್ಲ. ಪುಡಿ ಹೆಚ್ಚು ಸೇರುವುದು ಅಲ್ಲೇ, ಅಮೆರಿಕದ ನಿಯಮದಲ್ಲಿ ಅದಕ್ಕೆ 100ರ ಪ್ರತ್ಯೇಕ ಗುರಿಯೂ ಇದೆ. ನಮ್ಮ ಹುಡುಗ ಅದನ್ನು ಸೂಚಿಸಬೇಕಿತ್ತು, ನಾನೂ ಕೇಳಬೇಕಿತ್ತು.

ಎರಡನೇ ಪರೀಕ್ಷೆ ಮೂರೇ ಜಾಗಕ್ಕೆ ಮಾಡಿಸಿದೆ, ತವರ ಬಿಟ್ಟು, 6,372 ರೂಪಾಯಿ. ಈ ಸಲ ವರದಿ ಎಂಟು ದಿನಕ್ಕೇ ಬಂತು, ವಿಸ್ತೀರ್ಣವನ್ನೂ ಬರೆದಿದ್ದರು. ಕಟ್ಟೆ 300ರಿಂದ 14ಕ್ಕೆ ಇಳಿದಿದೆ. ಚಾಪೆಯ ಪಕ್ಕದ ನೆಲ 1.8. ಮೂರು ತಿಂಗಳ ನಂತರದ ರಕ್ತ ಪರೀಕ್ಷೆಯಲ್ಲಿ ಪುಟ್ಟನದು 3.4.

ಮೇಜಿದ್ದ ಮೂಲೆ ಮಾತ್ರ ಇನ್ನೂ 6.1. ಅಲ್ಲಿನ ರೆಡ್ ಆಕ್ಸೈಡ್ ನೆಲ ಬಿರುಕು ಬಿಟ್ಟಿದೆ, ಹದಿನಾಲ್ಕು ವರ್ಷದ ಬೆಸುಗೆ ಪುಡಿ ಆ ಬಿರುಕಿನೊಳಗೆ ಇಳಿದಿದೆ, ಎಷ್ಟು ಒರೆಸಿದರೂ ಬರುತ್ತಿಲ್ಲ. ಮೇಜನ್ನು ತಾರಸಿಯ ಕೋಣೆಗೆ ಸಾಗಿಸಿದ್ದೇನೆ. ಅಲ್ಲಿಗೆ ಬೇರೆ ಲುಂಗಿ, ಬೇರೆ ಚಪ್ಪಲಿ, ಬಾಗಿಲ ಪಕ್ಕದಲ್ಲೇ ನಲ್ಲಿ ಮತ್ತು ಸೋಪು. ಕೆಳಗಿನ ಮೂಲೆಯ ಬಿರುಕು ತುಂಬಿಸಿ ಪಾಲಿಶ್ ಮಾಡಿಸಲು ಗಾರೆಯವರು ಬರುವ ಸೋಮವಾರ ಬರುತ್ತಾರೆ. ಅದಾದ ಎರಡು ವಾರಕ್ಕೆ ಆ ಒಂದು ಜಾಗದ ಪರೀಕ್ಷೆಯನ್ನು ಮತ್ತೆ ಬುಕ್ ಮಾಡಿದ್ದೇನೆ. ಅಲ್ಲಿಯವರೆಗೆ ಆ ಮೂಲೆಗೆ ಅಡ್ಡಲಾಗಿ ಸೋಫಾ ಎಳೆದಿಟ್ಟಿದ್ದೇವೆ. ಪುಟ್ಟ ಅದನ್ನು ಹಿಡಿದುಕೊಂಡು ಅತ್ತಿಂದಿತ್ತ ನಡೆಯುತ್ತಾನೆ.